ಹೆಂಡತಿಯ ಲಿವರಿನ ಮೇಲೆ ಹತ್ತಿದ ಊರವರು

ಸ್ಕೂಟರು ಸ್ಟಾರ್ಟ್ ಆಗದೆ ಇರಬಹುದಿತ್ತು. ಸ್ಟಾರ್ಟ್ ಆದರೂ ನರಿಮೊಗರಿನಿಂದ ಪುತ್ತೂರಿಗೆ ಹೋಗುವ ದಾರಿಯಲ್ಲಿ ಪಂಕ್ಚರ್ ಆಗಬಹುದಿತ್ತು. ಪಂಕ್ಚರ್ ಆಗದಿದ್ದರೆ ತಿರುವಿನಲ್ಲಿ ಎದುರಾಗುವ ಮರದ ಲಾರಿ ಇತ್ತು. ಲ್ಯಾಬಿನಲ್ಲಿ ಕರೆಂಟು ಹೋಗಿರಬಹುದಿತ್ತು. ಬೇಸಿಗೆಯಲ್ಲಿ ಸುಳ್ಯದ ಕಡೆಯಿಂದ ಒಂದು ಗುಡುಗಿನ ಸದ್ದು ಕೇಳಿದರೆ ಸಾಕು, ಪುತ್ತೂರಿನ ಕರೆಂಟು ಮರ್ಯಾದೆಯಿಂದ ಎದ್ದು ಹೋಗುತ್ತದೆ. ಇನ್‌ವರ್ಟರಿನ ಬ್ಯಾಟರಿಗೆ ನೀರು ಹಾಕಲು ಯಾರೋ ಮರೆತಿರಬಹುದಿತ್ತು. ಕೈಯಲ್ಲಿ ನರ ಸಿಗದೆ ಎರಡೆರಡು ಕಡೆ ಚುಚ್ಚಬೇಕಾಗಿ ಬರಬಹುದಿತ್ತು. ತೆಗೆದ ರಕ್ತದ ಟ್ಯೂಬು ಕೈಜಾರಬಹುದಿತ್ತು. ಟ್ಯೂಬನ್ನು ಗಿರಗಿರನೆ ತಿರುಗಿಸಿ ಕೆಂಪನ್ನು ಕೆಳಗೂ ತಿಳಿಯನ್ನು ಮೇಲೂ ಮಾಡುವ ಯಂತ್ರ ಅರ್ಧದಲ್ಲಿ ನಿಲ್ಲಬಹುದಿತ್ತು. ಟೆಸ್ಟ್ ಕಾರ್ಡಿನ ತಾರೀಕು ಮುಗಿದಿರಬಹುದಿತ್ತು. ನನಗೇ ಅಲ್ಲಿ ಎದೆನೋವು ಬಂದು, ಎಲ್ಲರೂ ಹೆಂಡತಿಯನ್ನು ಬಿಟ್ಟು ನನ್ನನ್ನು ನೋಡುವಂತಾಗಬಹುದಿತ್ತು. ಇದು ಹಿಂದೊಮ್ಮೆ ಆಗಿದೆ. ಗ್ಯಾಸ್ ಎಂದು ಆಮೇಲೆ ಗೊತ್ತಾಯಿತು.

ಇಷ್ಟನ್ನೂ ನಾನು ಆ ದಿನ ಬೆಳಿಗ್ಗೆ ಹಲ್ಲುಜ್ಜುವಷ್ಟರಲ್ಲಿ ನೆನೆದು ಮುಗಿಸಿದ್ದೆ. ಕೊನೆಗೆ ಉಳಿಸಿಕೊಂಡದ್ದು ಒಂದು: ಇವು ಯಾವುದೂ ಆಗದೆ, ಸ್ಕೂಟರು ಓಡಿ, ಕರೆಂಟು ಇದ್ದು, ನರ ಸಿಕ್ಕಿ, ಯಂತ್ರ ತಿರುಗಿ, ಎಲ್ಲ ಸರಿಯಾಗಿ ನಡೆದು ಬರುವ ಸರಿಯಾದ ಉತ್ತರವೇ ನಮಗೆ ಬೇಡದ್ದಾಗಿರಬಹುದಿತ್ತು.

ಅದು ನನ್ನ ಹೆಂಡತಿಯ ಆರನೆಯ ತಿಂಗಳ ಟೆಸ್ಟ್. ಹೆಪಟೈಟಿಸ್ ಬಿ ಎಂಬ ವೈರಸ್ ಅವಳ ಲಿವರಿಗೆ ಹೊಕ್ಕಿದೆಯೆಂದು ಗೊತ್ತಾಗಿ ಅಷ್ಟು ದಿನವಾಗಿತ್ತು. ದೊಡ್ಡವರಿಗೆ ಬಂದರೆ ಹೆಚ್ಚಿನವರಲ್ಲಿ ಅದು ಆರು ತಿಂಗಳ ಒಳಗೆ ಹೋಗುತ್ತದೆ, ಕೆಲವರಲ್ಲಿ ಹೋಗುವುದಿಲ್ಲ. ಆರು ತಿಂಗಳು ಕಳೆದೂ ರಕ್ತದಲ್ಲಿ ಅದರ ಗುರುತು ಸಿಕ್ಕಿದರೆ ಬಹುಮಟ್ಟಿಗೆ ಅದು ಕಾಯಂ ಒಕ್ಕಲು. ಆಮೇಲೆ ಜೀವಮಾನವಿಡೀ ಟೆಸ್ಟು, ಸ್ಕ್ಯಾನಿಂಗು, ಲಿವರು ಕಲ್ಲಾದೀತೇ ಎಂಬ ಭಯ. ವೈರಸ್ ಹೋಗುವವರ ಸಾಲಿನಲ್ಲಿ ಅವಳಿದ್ದಾಳೋ ಅದು ಉಳಿಯುವವರ ಸಾಲಿನಲ್ಲೋ ಎಂಬುದು ಆ ದಿನ ಗೊತ್ತಾಗಬೇಕಿತ್ತು.

ಇದರಲ್ಲಿ ತಮಾಷೆಯೆಂದರೆ, ಅವಳು ಬೇರೆಯವರ ರಕ್ತದಲ್ಲಿ ಇಂಥದ್ದನ್ನೆಲ್ಲ ಹುಡುಕುವುದನ್ನೇ ಕೆಲಸ ಮಾಡಿಕೊಂಡವಳು. ಪುತ್ತೂರಿನ ಸಣ್ಣ ಲ್ಯಾಬೊಂದರಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಟೆಕ್ನೀಷಿಯನ್. ಊರವರನ್ನು ಮುಖಕ್ಕಿಂತ ಮೊಣಕೈಯಿಂದ ಗುರುತಿಸುತ್ತಾಳೆ. ಮದುವೆ ಹಾಲ್‌ನಲ್ಲಿ ಊಟಕ್ಕೆ ಕೂತಾಗ ಎದುರು ಪಂಕ್ತಿಯವರ ಕೈ ನೋಡಿ, “ಅವರ ನರ ಭಾರೀ ಒಳ್ಳೆದುಂಟು, ಒಂದೇ ಸಲಕ್ಕೆ ಸಿಗ್ತದೆ” ಎಂದು ನನ್ನ ಕಿವಿಯಲ್ಲಿ ಹೇಳಿ ಪಾಯಸಕ್ಕೆ ಕೈಹಾಕುವವಳು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮಾಷ್ಟ್ರು. ಯುದ್ಧಗಳ ಕಾರಣಗಳನ್ನೂ ಪರಿಣಾಮಗಳನ್ನೂ ಮಕ್ಕಳಿಗೆ ಬರೆಸುತ್ತೇನೆ. ಮನೆಯಲ್ಲಿ, ಇನ್ನೂ ಶುರುವಾಗದ ಯುದ್ಧಗಳ ಪರಿಣಾಮಗಳನ್ನು ಒಬ್ಬನೇ ಅನುಭವಿಸುತ್ತೇನೆ. ನಮ್ಮ ಕಡೆ ಚಿಂತೆಗೆ ಮಂಡೆಬಿಸಿ ಎನ್ನುತ್ತಾರೆ. ಅವಳ ಪ್ರಕಾರ ನನ್ನ ಮಂಡೆಯ ಮೇಲೆ ನೀರಿಟ್ಟರೆ ಬೆಳಗಿನ ಚಹಾ ಆಗುತ್ತದೆ.

ಪ್ರತಿದಿನ ಕನ್ನಡಿಯಲ್ಲಿ ನನ್ನ ನಾಲಿಗೆಯ ಬಣ್ಣ ನೋಡಿಕೊಳ್ಳುವ ನನಗೆ, ಅವಳ ಕಣ್ಣು ಹಳದಿಯಾದದ್ದು ಕಾಣಲಿಲ್ಲ. ಹದಿನೈದು ದಿನದಿಂದ ಒಗ್ಗರಣೆಯ ವಾಸನೆಗೆ ಅವಳು ಅಡುಗೆಮನೆಯಿಂದ ಎದ್ದು ಹೊರಗೆ ಹೋಗುತ್ತಿದ್ದಳು. ಸಾಸಿವೆ ಹಾಳಾಗಿರಬೇಕೆಂದು ನಾನು ಬೇರೆ ಸಾಸಿವೆ ತಂದೆ. ಒಂದು ಸಂಜೆ ಕೆಲಸ ಮುಗಿಸಿ ಬಂದವಳು ಬ್ಯಾಗನ್ನು ಮೇಜಿನ ಮೇಲಿಟ್ಟು, “ಒಮ್ಮೆ ಕೂತ್ಕೊಳ್ಳಿ” ಎಂದಳು.

“ಎಂತ ಆಯ್ತು?”

“ಮೊದಲು ಕೂತ್ಕೊಳ್ಳಿ, ಮತ್ತೆ ಹೇಳ್ತೇನೆ. ನಿಮ್ಮನ್ನು ಎತ್ಲಿಕ್ಕೆ ನನಗೆ ಈಗ ಶಕ್ತಿ ಇಲ್ಲ.”

ಕೂತೆ. ಒಂದು ಲೋಟ ನೀರು ತಂದು ನನ್ನ ಕೈಗೆ ಕೊಟ್ಟ ಮೇಲೆ ಹೇಳಿದಳು: “ನನಗೆ ಜಾಂಡಿಸ್ ಉಂಟು. ಹೆಪಟೈಟಿಸ್ ಬಿ. ಇವತ್ತೇ ನೋಡಿದೆವು.”

ಯಾವ ಸೂಜಿ ಎಂದು ಅವಳಿಗೆ ಹೆಚ್ಚುಕಡಿಮೆ ಗೊತ್ತಿತ್ತು. ಎರಡೂವರೆ ತಿಂಗಳ ಹಿಂದೆ, ಮಳೆಗಾಲದ ಜ್ವರದವರು ಬಾಗಿಲ ತನಕ ನಿಂತಿದ್ದ ಒಂದು ಬೆಳಿಗ್ಗೆ, ಯಾರಿಗೋ ಚುಚ್ಚಿದ ಸೂಜಿ ಅವಳ ಬೆರಳಿಗೂ ತಾಗಿತ್ತು. ತೊಳೆದು, ಪಟ್ಟಿ ಸುತ್ತಿ, ಮುಂದಿನವರನ್ನು ಕರೆದಿದ್ದಳು. ತನಗೆ ಲಸಿಕೆ ಆಗಿದೆಯೆಂಬ ಧೈರ್ಯ. ಆಗಿತ್ತು ಕೂಡ. ಮೂರು ಡೋಸಿನಲ್ಲಿ ಎರಡು.

ಮೂರನೆಯದು ಆಗದೆ ಉಳಿದದ್ದು ನನ್ನಿಂದ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ತುಳುವರ ಆಟಿ ತಿಂಗಳ ಅಮಾವಾಸ್ಯೆಯಂದು ಬೆಳಕು ಹರಿಯುವ ಮೊದಲೇ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಅರೆದು, ಅದರ ಕಷಾಯವನ್ನು ಬರಿಹೊಟ್ಟೆಗೆ ಕುಡಿಯುವುದು ನಮ್ಮಲ್ಲಿ ಪದ್ಧತಿ. ವರ್ಷವಿಡೀ ಬರಬಹುದಾದ ಕಾಯಿಲೆಗಳಿಗೆಲ್ಲ ಅದೊಂದೇ ಮದ್ದು ಎಂದು ನಂಬಿಕೆ. ಕುಡಿದವನಿಗೆ ಬಾಯಿ ಇದೆಯೆಂಬುದೇ ಮಧ್ಯಾಹ್ನದವರೆಗೆ ಬೇಸರದ ಸಂಗತಿಯಾಗಿರುತ್ತದೆ. ಕಷಾಯ ಉಷ್ಣವೆಂದು ಹಿಂದೆಯೇ ಮೆಂತೆ ಗಂಜಿ ಉಣ್ಣುತ್ತೇವೆ. ಅವಳು ಲ್ಯಾಬಿಗೆ ಸೇರಿದ ಮರುವರ್ಷ ಆ ಮೂರನೆಯ ಡೋಸಿನ ದಿನ ಸರಿಯಾಗಿ ಅಮಾವಾಸ್ಯೆಯ ಮರುದಿನ ಬಂತು. ನಾನು ಜಗಲಿಯಲ್ಲಿ ಅಡ್ಡ ನಿಂತು ಹೇಳಿದೆ: “ಕಷಾಯ ಕುಡಿದ ಮೈಗೆ ಮೇಲಿಂದ ಇಂಜೆಕ್ಷನ್ ಬೇಡ. ಉಷ್ಣಕ್ಕೆ ಉಷ್ಣ ಸೇರಿ ಎಂತಾದ್ರೂ ಆದ್ರೆ? ಬರುವ ಸೋಣ ತಿಂಗಳಲ್ಲಿ ತಕ್ಕೊಂಡ್ರೆ ಆಯ್ತು.” ಅವಳು ಮರುಮಾತಾಡದೆ ಒಪ್ಪಿದಳು. ಸೋಣ ಬಂತು, ಹೋಯಿತು. ಅದರ ನಂತರ ಎಷ್ಟೋ ಸೋಣಗಳು ಹೋದವು. ಎರಡೇ ಡೋಸಿನಲ್ಲಿ ಹಲವರಿಗೆ ರಕ್ಷಣೆ ಬರುತ್ತದಂತೆ. ಇವಳಿಗೆ ಸಾಲಲಿಲ್ಲ.

ಪ್ರಪಂಚದಲ್ಲಿ ಹೆದರಲು ಇರುವುದಕ್ಕೆಲ್ಲ ಹೆದರುತ್ತಾ ಬಂದವನು, ಒಂದು ಸಲ ಹೆದರಬೇಕಾದದ್ದರ ಬದಲು ಅದರ ಮದ್ದಿಗೆ ಹೆದರಿದ್ದೆ. ಅವಳು ಆ ಮಾತನ್ನು ಎತ್ತಲೇ ಇಲ್ಲ. ಎತ್ತಿ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಹಾಗಾಗಿ ನಾನು ಪಾತ್ರೆ ತೊಳೆಯಲು ಶುರು ಮಾಡಿದೆ. ಬೆಳಿಗ್ಗೆ, ಮಧ್ಯಾಹ್ನ ರಜೆಯಿದ್ದರೆ ಮಧ್ಯಾಹ್ನ, ಸಂಜೆ. ಪ್ರಾಯಶ್ಚಿತ್ತಕ್ಕೆ ಕಾಶಿಗೆ ಹೋಗುವವರಿದ್ದಾರೆ. ನನಗೆ ಸಿಂಕ್ ಹತ್ತಿರವಿತ್ತು.

ಡಾಕ್ಟ್ರು ಹೆಚ್ಚಿಗೆ ಏನೂ ಕೊಡಲಿಲ್ಲ. ವಿಶ್ರಾಂತಿ, ಊಟ, ವಾರಕ್ಕೊಮ್ಮೆ ರಕ್ತ ಪರೀಕ್ಷೆ. ಬೇರೆ ಯಾವ ಮದ್ದೂ, ಸೊಪ್ಪೂ ಬೇಡ. ನನ್ನ ರಕ್ತವನ್ನೂ ನೋಡಿದರು. ಏನೂ ಇರಲಿಲ್ಲ. ನನಗೆ ಅದೇ ದಿನ ಲಸಿಕೆಯ ಮೊದಲ ಡೋಸು, ತಿಂಗಳಾದ ಮೇಲೆ ಎರಡನೆಯದು, ಆರನೆಯ ತಿಂಗಳಿಗೆ ಮೂರನೆಯದು. ಮಂಗಳೂರಿನ ಹಾಸ್ಟೆಲಿನಲ್ಲಿರುವ ಮಗಳಿಗೆ ಹುಟ್ಟಿದ ದಿನವೇ ಇವಳು ಹಠ ಹಿಡಿದು ಹಾಕಿಸಿದ್ದಳು, ಮುಂದಿನ ಡೋಸುಗಳೂ ಆಗಿದ್ದವು. ಅದೊಂದು ಚಿಂತೆ ನನಗೆ ಸಿಗಲಿಲ್ಲ.

ಬಾಕಿ ಚಿಂತೆಗೆ ಕೊರತೆಯಿರಲಿಲ್ಲ. ಅವಳ ತಟ್ಟೆ ಬೇರೆಯಾಗಲಿ ಎಂದು ಮಗಳ ಕೆಂಪು ನೈಲ್ ಪಾಲಿಶ್‌ನಿಂದ ಅದರ ಅಂಚಿಗೆ ಒಂದು ಬೊಟ್ಟು ಇಟ್ಟೆ. ಮರುದಿನ ನೋಡುತ್ತೇನೆ, ಮನೆಯ ಎಲ್ಲ ತಟ್ಟೆಗಳಿಗೂ ಬೊಟ್ಟು. ಲೋಟಗಳಿಗೂ. ನನ್ನ ಚಹಾದ ಕಪ್ಪಿಗೆ ಎರಡು.

“ಇದು ಗಂಜಿಯಲ್ಲಿ ಬರುವ ಜಾಂಡಿಸ್ ಅಲ್ಲ ಮಾರಾಯ್ರೆ,” ಎಂದಳು ಮಲಗಿದಲ್ಲಿಂದಲೇ. “ಅದು ಬೇರೆ. ಇದು ರಕ್ತದಲ್ಲಿ ಹೋಗುದು. ನಿಮ್ಮ ಶೇವಿಂಗ್ ಬ್ಲೇಡ್ ನಾನು ಮುಟ್ಟುದಿಲ್ಲ, ನನ್ನ ತಟ್ಟೆಯಲ್ಲಿ ನೀವು ಉಣ್ಣಬಹುದು.”

ಎರಡನೆಯ ವಾರ ಅಜ್ಜಾವರದಿಂದ ಅತ್ತೆ ಬಂದರು, ಕೈಚೀಲದ ತುಂಬ ನೆಲನೆಲ್ಲಿ. ಬೇರು ಸಮೇತ, ಮಣ್ಣು ಸಮೇತ. ನಮ್ಮ ಕಡೆ ಕಣ್ಣು ಹಳದಿಯಾದರೆ ಮೊದಲು ನೆನಪಾಗುವುದು ಡಾಕ್ಟ್ರಲ್ಲ, ಈ ಗಿಡ. ಜೊತೆಗೆ ಉಪ್ಪು, ಹುಳಿ, ಎಣ್ಣೆ ಇಲ್ಲದ ಪಥ್ಯ.

“ಮಜ್ಜಿಗೆಯಲ್ಲಿ ಅರೆದು ಮೂರು ದಿನ. ಉಪ್ಪು ಮುಟ್ಲಿಕ್ಕಿಲ್ಲ,” ಎಂದರು ಅತ್ತೆ, ನನ್ನ ಕಡೆ ನೋಡಿ. ಮಗಳು ಒಪ್ಪುವುದಿಲ್ಲವೆಂದು ಅವರಿಗೆ ಗೊತ್ತು. ನಾನು ಯಾರು ಹೇಳಿದ್ದಕ್ಕೂ ಹೆದರುತ್ತೇನೆಂದೂ ಗೊತ್ತು.

“ಬೇಡ ಅಮ್ಮ,” ಎಂದಳು ಇವಳು. “ನನ್ನ ಲಿವರಿನ ಮೇಲೆ ಈಗಾಗಲೇ ಜನ ಜಾಸ್ತಿ ಉಂಟು. ಇನ್ನು ನಿನ್ನ ಸೊಪ್ಪೂ ಹತ್ತುದು ಬೇಡ.”

ಸಂಜೆ ಒಳಗೆ ಅರೆಯುವ ಸದ್ದು ಕೇಳಿತು. ಓಡಿಹೋದೆ. ಅತ್ತೆ ಲೋಟ ಎತ್ತಿ ತಾವೇ ಗಟಗಟ ಕುಡಿದು, ಬಾಯಿ ಒರೆಸಿ, “ಅಲ್ಲಿಂದ ಹೊತ್ತು ತಂದದ್ದು ಹಾಳು ಮಾಡ್ಲಿಕ್ಕೆ ಉಂಟಾ?” ಎಂದರು. ಮೂರು ದಿನ ಕುಡಿದರು. ಉಪ್ಪಿಲ್ಲದ ಗಂಜಿಯನ್ನೂ ತಾವೇ ಉಂಡರು. ಮಗಳ ಪಥ್ಯವನ್ನು ತಾಯಿ ಮಾಡಿದರೂ ಸ್ವಲ್ಪ ಅಲ್ಲಿಗೆ ತಲುಪುತ್ತದೆ ಎಂದು ಅವರ ಲೆಕ್ಕವಿದ್ದಿರಬೇಕು. ಅವಳು ಮಾತ್ರ ಉಪ್ಪಿನಕಾಯಿ ನೆಕ್ಕಿಕೊಂಡು ತಾಯಿಯನ್ನು ನೋಡುತ್ತಾ ಉಣ್ಣುತ್ತಿದ್ದಳು.

‘ಲಿವರಿನ ಮೇಲೆ ಜನ’ ಎಂದದ್ದು ನನ್ನ ತಲೆಯಲ್ಲಿ ಉಳಿಯಿತು. ಆ ವಾರದ ರಿಪೋರ್ಟಿನಲ್ಲಿ ಲಿವರಿಗೆ ಆದ ಗಾಯ ತೋರಿಸುವ ಅಂಕಿ ಹಿಂದಿನ ವಾರದ ಎರಡರಷ್ಟಾಗಿತ್ತು. ನಾನು ಕಾಗದ ಹಿಡಿದು ಮಂಚದ ಬುಡದಲ್ಲಿ ಕೂತೆ.

“ವೈರಸ್ ತಿಂದು ಹಾಕ್ತಾ ಉಂಟು,” ಎಂದೆ.

“ವೈರಸ್ ಅಲ್ಲ. ಅದು ಹೆಚ್ಚೇನೂ ಉಪದ್ರ ಮಾಡುದಿಲ್ಲ, ಪಾಪ. ಹೊಡೆಯುದು ನನ್ನದೇ ಟಿ ಕೋಶಗಳು, ರೋಗ ಓಡಿಸುವ ಬಿಳಿ ರಕ್ತಕಣ.”

“ನಿನ್ನದೇ ಸೈನ್ಯ ನಿನಗೇ ಹೊಡೆಯುದಾ?”

“ಸೈನ್ಯ ಅಲ್ಲ ಮಾರಾಯ್ರೆ. ನಿಮಗೆ ಎಲ್ಲ ಯುದ್ಧವೇ. ಊರವರು ಅಂತ ತಿಳ್ಕೊಳ್ಳಿ. ನಮ್ಮ ಅಟ್ಟಕ್ಕೆ ಹೆಬ್ಬಾವು ಹತ್ತಿದ್ದು ನೆನಪುಂಟಾ?”

ಮರೆಯುವುದು ಹೇಗೆ? ಈಗಿನ ತಾರಸಿ ಹಾಕಿಸುವ ಮೊದಲಿನ ಮಾತು. ಆಗಿನ ಹಂಚಿನ ಸೂರು, ನಮ್ಮ ಮಾತಿನಲ್ಲಿ ‘ಮಾಡು’, ಅದರ ಕೆಳಗೆ, ಅಟ್ಟದ ಮೂಲೆಯಲ್ಲಿ, ಒಂದು ಹೆಬ್ಬಾವು ಬಂದು ಸುರುಳಿ ಸುತ್ತಿ ಮಲಗಿತ್ತು. ಎಷ್ಟು ದಿನದಿಂದಲೋ ಗೊತ್ತಿಲ್ಲ. ನಾವು ಕೆಳಗೆ ಉಂಡು, ಜಗಳವಾಡಿ, ಟಿವಿ ನೋಡಿಕೊಂಡು ಇದ್ದೆವು. ಒಂದು ದಿನ ಹಂಚಿನ ಸಂದಿಯಲ್ಲಿ ಬಾಲದ ತುದಿ ಹೊರಗೆ ಕಂಡಿತು. ಕಂಡದ್ದೇ ತಡ, ಊರವರು ಬಂದರು. ಹತ್ತು ಜನ ಮಾಡಿಗೆ ಹತ್ತಿದರು.

“ಹಾವು ಎಷ್ಟು ಹಂಚು ಒಡೆದಿತ್ತು?” ಕೇಳಿದಳು.

“ಒಂದೂ ಇಲ್ಲ.”

“ಊರವರು?”

“ಮಾಡು ಅರ್ಧ.”

“ಹಾಂ. ಅದೇ ಈಗ ನನ್ನ ಕಣ್ಣು ಹಳದಿ ಆದದ್ದು. ವೈರಸ್ ಹೊಕ್ಕಿದ ಕೋಶ ತನ್ನ ಮೈಮೇಲೆ ಅದರದ್ದೊಂದು ಚೂರು ತೋರಿಸ್ತದೆ, ಹಂಚಿನ ಸಂದಿಯಲ್ಲಿ ಬಾಲ ಕಂಡ ಹಾಗೆ. ಅದನ್ನು ಕಂಡು ಟಿ ಕೋಶ ಬಂದು ಆ ಕೋಶವನ್ನೇ ಒಡೆಯುದು. ಅಂಕಿ ಏರಿದ್ದು ಅಂದ್ರೆ ಊರವರು ಬಂದಿದ್ದಾರೆ ಅಂತ. ಬಾರದಿದ್ರೆ ನೀವು ಹೆದರಬೇಕಿತ್ತು.”

ನನಗೆ ಇದು ತುಂಬ ಹೊಸ ವಿಚಾರ. ನಾನು ಇಲ್ಲಿಯವರೆಗೆ ನೋವನ್ನು ರೋಗದ ಲೆಕ್ಕಕ್ಕೇ ಹಾಕಿದವನು. ಕೇಳುತ್ತಾ ಹೋದೆ. ಅವಳು ಕಣ್ಣು ಮುಚ್ಚಿಕೊಂಡೇ ಹೇಳುತ್ತಾ ಹೋದಳು. ಎಲ್ಲರೂ ಒಡೆಯುವುದಿಲ್ಲವಂತೆ. ಅವತ್ತು ಇಬ್ಬರು ತೆಂಗಿನ ಸಿಪ್ಪೆಗೆ ಬೆಂಕಿ ಕೊಟ್ಟು ಹೊಗೆ ಹಾಕಿದ್ದರಲ್ಲ, ಹಾಗೆ ಟಿ ಕೋಶಗಳು ಕೆಲವು ರಾಸಾಯನಿಕಗಳನ್ನು ಬಿಟ್ಟು, ಕೋಶವನ್ನು ಕೊಲ್ಲದೆಯೇ ಒಳಗಿನ ವೈರಸ್ಸನ್ನು ಅಡಗಿಸುತ್ತವಂತೆ. ಹಾಗಿಲ್ಲದಿದ್ದರೆ ಇಡೀ ಮಾಡು ತೆಗೆಯಬೇಕಾಗುತ್ತಿತ್ತು. ಇನ್ನೊಂದು ಜಾತಿಯದು ತಾನು ಹತ್ತುವುದಿಲ್ಲ, ಅಂಗಳದಲ್ಲಿ ನಿಂತು “ಎಡಕ್ಕೆ, ಇನ್ನೂ ಎಡಕ್ಕೆ” ಎಂದು ಬೊಬ್ಬೆ ಹೊಡೆಯುತ್ತದೆ. ಅದು ಸಹಾಯಕ ಟಿ ಕೋಶ. ಅದಿಲ್ಲದಿದ್ದರೆ ಮೇಲೆ ಹತ್ತಿದವರಿಗೆ ತಲೆಬುಡ ತಿಳಿಯುವುದಿಲ್ಲ.

“ನಾನು ಅವತ್ತು...” ಎಂದು ಶುರು ಮಾಡಿದೆ.

“ನೀವು ಬಾವಿಕಟ್ಟೆ ಹತ್ತಿ ನಿಂತು, ‘ಸಾಕು, ಸಾಕು, ಹಂಚು ಒಡಿಬೇಡಿ’ ಅಂತ ಹೇಳ್ತಾ ಇದ್ರಿ. ಆ ಜಾತಿಯದ್ದೂ ಉಂಟು. ತಡೆಯುವ ಟಿ ಕೋಶ. ಬೇಡ ಬೇಡ ಅನ್ನುದೇ ಅದರ ಕೆಲಸ.”

“ಅದು ಒಳ್ಳೆದಾ ಕೆಟ್ಟದಾ?”

“ಬೇಕು. ಇಲ್ಲದಿದ್ರೆ ಊರವರು ಗೋಡೆಯನ್ನೂ ಬೀಳಿಸ್ತಾರೆ. ಆದ್ರೆ ಅವನ ಮಾತೇ ನಡೆದ್ರೆ ಹಾವು ಅಟ್ಟದಲ್ಲೇ ಮರಿ ಹಾಕ್ತದೆ.”

ನನಗೆ ಆ ಮೂರನೆಯ ಡೋಸು ನೆನಪಾಯಿತು. ಅವಳು ಅದನ್ನು ಉದ್ದೇಶಿಸಿ ಹೇಳಿದಳೋ ಇಲ್ಲವೋ ಮುಖ ನೋಡಿ ತಿಳಿಯಲಿಲ್ಲ. ನಾನು ಎದ್ದು ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದೆ.

ಅಂಕಿ ಇನ್ನೂ ಒಂದು ವಾರ ಏರಿ, ನಿಂತು, ಇಳಿಯತೊಡಗಿತು. ಕಣ್ಣು ಬೆಳ್ಳಗಾಯಿತು. ಅತ್ತೆ ತಮ್ಮ ಪಥ್ಯದ ಫಲವೆಂದು ಸಮಾಧಾನಪಟ್ಟು ಅಜ್ಜಾವರದ ಬಸ್ಸು ಹತ್ತಿದರು. ಅವಳು ಪುನಃ ಕೆಲಸಕ್ಕೆ ಹೋದಳು; ಮೊದಲು ಕೆಲವು ವಾರ ಸೂಜಿ ಮುಟ್ಟದೆ ಮೈಕ್ರೋಸ್ಕೋಪಿನ ಮುಂದೆ. ಹೊರಗಿನವರಿಗೆ ಎಲ್ಲ ಮುಗಿದಂತೆ ಕಂಡಿತು. ಆದರೆ ಮೂರನೆಯ ತಿಂಗಳ ಟೆಸ್ಟಿನಲ್ಲಿ ವೈರಸ್ಸಿನ ಗುರುತು ಹಾಗೆಯೇ ಇತ್ತು.

“ಊರವರು ಎಲ್ಲಿ ಹೋದ್ರು?” ಕೇಳಿದೆ.

“ಇದ್ದಾರೆ. ಸಮಯ ಬೇಕು.”

“ಅವರಿಗೆ ಸಾಕಾಗಿ ಹೋದ್ರೆ?”

ಆಕೆ ಸುಳ್ಳು ಹೇಳುವವಳಲ್ಲ. ಇಪ್ಪತ್ತು ವರ್ಷ ರಿಪೋರ್ಟು ಕೊಟ್ಟ ಅಭ್ಯಾಸ. “ಹಾಗೂ ಆಗ್ತದೆ,” ಎಂದಳು. “ದಿನಾ ಅದೇ ಬಾಲ ಕಂಡು ಕಂಡು ಟಿ ಕೋಶಗಳು ದಣಿಯುದುಂಟು. ಇರ್ತಾವೆ, ಕಾಣ್ತಾವೆ, ಕೈ ಎತ್ತುದಿಲ್ಲ. ಕಾಯಂ ಆಗುದು ಹಾಗೆ. ಹುಟ್ಟಿದ ಕೂಸುಗಳಿಗೆ ಬಂದ್ರೆ ಹೆಚ್ಚಾಗಿ ಕಾಯಂ. ಸಣ್ಣ ಕೂಸಿನ ಮೈಗೆ ಅದು ಹೊರಗಿನದ್ದು ಅಂತಲೇ ತೋರುದಿಲ್ಲ. ನಾಗಬನದ ಹಾವಿಗೆ ನಾವು ಕೋಲು ಎತ್ತುತ್ತೇವಾ? ಹಾಗೆ, ನಮ್ಮದೇ ಅಂತ ಬಿಟ್ಟುಬಿಡ್ತದೆ.” ಆಮೇಲೆ, “ನನ್ನದು ಹಳೇ ಮೈ. ಅಷ್ಟು ಸುಲಭಕ್ಕೆ ಯಾರನ್ನೂ ನಮ್ಮದು ಅನ್ನುದಿಲ್ಲ. ನಿಮ್ಮನ್ನು ಅನ್ಲಿಕ್ಕೇ ಎಷ್ಟು ವರ್ಷ ಬೇಕಾಯ್ತು?” ಎಂದಳು.

ಅವಳು ನಗಿಸಲು ಹೇಳಿದ್ದು. ನಾನು ನಕ್ಕೆ. ಆದರೆ ಆ ಮೂರು ತಿಂಗಳು ನಾನು ಅವಳ ಪಕ್ಕದಲ್ಲಿ ಕೂತಾಗಲೆಲ್ಲ, ಬಲಗಡೆಯ ಪಕ್ಕೆಲುಬಿನ ಕೆಳಗೆ, ಸೀರೆಯ ಮರೆಯಲ್ಲಿ, ನನಗೆ ಕಾಣದ ಆ ಜನ ಕೆಲಸ ಮಾಡುತ್ತಿದ್ದಾರೋ ಅಥವಾ ಮಾಡಿನ ಅಂಚಿನಲ್ಲಿ ಕೂತು ಬೀಡಿ ಸೇದುತ್ತಿದ್ದಾರೋ ಎಂದು ಕಿವಿಗೊಡುತ್ತಿದ್ದೆ. ಅವರಿಗೆ ಚಹಾ ಕೊಟ್ಟು ಹುರಿದುಂಬಿಸುವ ದಾರಿಯಿದ್ದಿದ್ದರೆ ಕೊಡುತ್ತಿದ್ದೆ.

ಹಾಗೆ ಆರನೆಯ ತಿಂಗಳು ಬಂತು. ಶಾಲೆಗೆ ಬೇಸಿಗೆ ರಜೆ. ಸ್ಕೂಟರು ಮೊದಲ ಒದೆತಕ್ಕೇ ಹೊರಟಿತು. ಮರದ ಲಾರಿ ಎದುರಾಯಿತು. ಡ್ರೈವರು ಬದಿಗೆ ಸರಿದು ದಾರಿ ಕೊಟ್ಟ. ಲ್ಯಾಬಿನಲ್ಲಿ ಕರೆಂಟಿತ್ತು. ಅವಳೊಂದಿಗೆ ಹತ್ತು ವರ್ಷದಿಂದ ಕೆಲಸ ಮಾಡುವ ಹುಡುಗಿ, ಈಗ ಎರಡು ಮಕ್ಕಳ ತಾಯಿ, ತಲೆಯ ಶಾಲನ್ನು ಹಿಂದಕ್ಕೆ ಸರಿಸಿ ಕೈಗವಸು ಹಾಕಿಕೊಂಡು ಸಿದ್ಧವಾಗಿದ್ದಳು. ಒಂದೇ ಸಲಕ್ಕೆ ನರ ಸಿಕ್ಕಿತು.

“ಮಾಷ್ಟ್ರೆ, ನೀವು ಇಲ್ಲಿ ನಿಂತು ಉಸಿರು ಬಿಡಬೇಡಿ, ನನಗೆ ಕೈ ನಡುಗ್ತದೆ,” ಎಂದಳು ಆಕೆ. “ಅಕ್ಕಾ, ಇವರನ್ನು ಕರ್ಕೊಂಡು ಮೇಲೆ ಹೋಗಿ. ಅವರ ಇಂಜೆಕ್ಷನ್ ಮುಗಿಸಿ ಬನ್ನಿ. ನಾನು ಅಷ್ಟರಲ್ಲಿ ನೋಡಿ ಇಡ್ತೇನೆ.”

“ನೋಡಬೇಡ,” ಎಂದಳು ನನ್ನ ಹೆಂಡತಿ. “ಹಾಕಿ ಇಡು. ನಾನು ಬಂದು ನೋಡ್ತೇನೆ.”

ಅದೇ ಕಟ್ಟಡದ ಮೇಲಿನ ಮಾಳಿಗೆಯಲ್ಲಿ ಡಾಕ್ಟ್ರ ಕ್ಲಿನಿಕ್ಕು. ನನ್ನ ಮೂರನೆಯ ಡೋಸಿಗೆ ನರ್ಸ್ ತೋಳು ಒರೆಸಿದಳು. ಧೈರ್ಯಕ್ಕೆ ಹೆಂಡತಿಯ ಮುಖ ನೋಡೋಣವೆಂದು ತಿರುಗಿದರೆ, ಅವಳು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

“ನೀನೆಂತ ಆಚೆ ನೋಡುದು?”

“ಕ್ಯಾಲೆಂಡರ್ ನೋಡ್ತಾ ಇದ್ದೇನೆ.”

“ಅದು ಕಳೆದ ವರ್ಷದ್ದು.”

ಸೂಜಿ ಹೊಕ್ಕು ಹೊರಗೆ ಬಂತು. ನರ್ಸ್ ಆಚೆ ಹೋದ ಮೇಲೆ ಅವಳು ಈಚೆ ತಿರುಗಿದಳು. ಹಣೆಯಲ್ಲಿ ಬೆವರು.

“ನನಗೆ ಇಂಜೆಕ್ಷನ್ ಹಾಕುದು ನೋಡ್ಲಿಕ್ಕೆ ಆಗುದಿಲ್ಲ,” ಎಂದಳು.

“ನಿನಗೆ? ಅರ್ಧ ಪುತ್ತೂರಿಗೆ ಚುಚ್ಚಿದವಳಿಗೆ?”

“ಅದು ತೆಗೆಯುದು. ತೆಗೆಯುದು ಬೇರೆ, ಹಾಕುದು ಬೇರೆ. ಒಳಗೆ ಹಾಕುದಂದ್ರೆ ನನಗೆ ಸಣ್ಣದಿರುವಾಗಿಂದ ಹೆದರಿಕೆ. ಅವತ್ತು ಮೂರನೇ ಡೋಸು ತಪ್ಪಿದ್ದೂ ಅದಕ್ಕೇ.”

ನಾನು ಹತ್ತಿಯನ್ನು ತೋಳಿಗೆ ಒತ್ತಿಕೊಂಡು ಹಾಗೇ ಕೂತೆ. “ಅದು ನಾನು ಕಷಾಯ, ಉಷ್ಣ ಅಂತ...”

“ನೀವು ಹೇಳಿದ್ದು ನನಗೆ ಒಂದು ನೆವ ಆಯ್ತು. ಅಲ್ಲ, ಮದುವೆ ಆದಲ್ಲಿಂದ ನಾನು ನಿಮ್ಮ ಯಾವ ಮಾತು ಕೇಳಿದ್ದೇನೆ? ಅದೊಂದನ್ನೇ ಬಾಯಿ ಮುಚ್ಚಿ ಕೇಳಿದೆ ಅಂದ್ರೆ ನಿಮಗೆ ಅನುಮಾನ ಬರಬೇಕಿತ್ತಲ್ಲ?”

“ಆರು ತಿಂಗಳು ನಾನು ಒಳಗೊಳಗೇ ಸಾಯ್ತಾ ಇದ್ದೆ ಮಾರಾಯ್ತಿ. ಹೇಳ್ಲಿಕ್ಕೆ ಎಂತ ಆಗಿತ್ತು?”

“ಗೊತ್ತಿತ್ತು. ಪಾತ್ರೆ ತೊಳಿತಿದ್ರಲ್ಲ, ಹೇಳಿದ್ರೆ ನಿಲ್ಲಿಸ್ತಿದ್ರಿ.” ಆಮೇಲೆ ದನಿ ತಗ್ಗಿಸಿ, “ನನಗೂ ನಾಚಿಕೆ ಆಗ್ತಿತ್ತು. ಎಲ್ಲರಿಗೂ ‘ಇರುವೆ ಕಚ್ಚಿದ ಹಾಗೆ ಆಗುದು, ಅಷ್ಟೇ’ ಅಂತ ಹೇಳುವವಳು ನಾನು,” ಎಂದಳು.

ಸಿಟ್ಟು ಬರಬೇಕಿತ್ತು. ಬಂದದ್ದು ಬೇರೇನೋ. ಇಷ್ಟು ವರ್ಷ ಮನೆಯಲ್ಲಿ ಹೆದರುವ ಕೆಲಸವನ್ನು ಒಬ್ಬನೇ ಹೊತ್ತಿದ್ದೇನೆಂದುಕೊಂಡಿದ್ದೆ. ಇನ್ನೊಬ್ಬಳು ಪಕ್ಕದಲ್ಲೇ, ನನಗಿಂತ ಅಚ್ಚುಕಟ್ಟಾಗಿ, ಯಾರಿಗೂ ಕಾಣದ ಹಾಗೆ ಅದನ್ನು ಮಾಡಿಕೊಂಡು ಬಂದಿದ್ದಳು. ಮೆಟ್ಟಿಲು ಇಳಿಯುವಾಗ ಅವಳು ನನ್ನ ಚುಚ್ಚಿದ ಕೈಯನ್ನು ಬಿಟ್ಟು ಇನ್ನೊಂದನ್ನು ಹಿಡಿದುಕೊಂಡಳು. ಬೆರಳು ತಣ್ಣಗಿದ್ದವು.

ಕೆಳಗೆ, ಮೇಜಿನ ಮೇಲೆ, ಬೆರಳುದ್ದದ ಬಿಳಿ ಕಾರ್ಡು. ಒಂದು ಗೆರೆ ಬಂದರೆ ವೈರಸ್ ಇಲ್ಲ, ಎರಡು ಬಂದರೆ ಇದೆ. ಹೆಂಡತಿ ಹೇಳಿದಂತೆಯೇ ಸಹೋದ್ಯೋಗಿ ಅದರ ಮೇಲೊಂದು ಕಾಗದ ಮುಚ್ಚಿಟ್ಟು, ತಾನು ಕಿಟಕಿಯ ಹತ್ತಿರ ನಿಂತಿದ್ದಳು. ಹೆಂಡತಿ ಕಾಗದ ಸರಿಸಿದಳು. ನನಗೆ ಒಂದು ಗೆರೆ ಕಂಡಿತು, ಆಮೇಲೆ ಎರಡು, ಆಮೇಲೆ ಮೂರು. ನನ್ನ ಕಣ್ಣನ್ನು ಲೆಕ್ಕಕ್ಕಿಡುವ ಹಾಗಿರಲಿಲ್ಲ. ಅವಳು ಕಾರ್ಡನ್ನು ಎತ್ತಿ ಬೆಳಕಿಗೆ ಓರೆಮಾಡಿ, ಯಾರದೋ ಕಾರ್ಡು ನೋಡುವ ಹಾಗೆ ನೋಡಿದಳು. ಗಡಿಯಾರ ನೋಡಿದಳು. ಮತ್ತೆ ಕಾರ್ಡು.

“ಒಂದೇ,” ಎಂದಳು.

ಹಾಗೆಂದು, ದಿನಾ ರೋಗಿಗಳನ್ನು ಕೂರಿಸುವ ಸ್ಟೂಲಿನ ಮೇಲೆ ಕೂತುಬಿಟ್ಟಳು. ಸಹೋದ್ಯೋಗಿ ಬಂದು ಹಿಂದಿನಿಂದ ತಬ್ಬಿಕೊಂಡಳು. ನಾನು ಅಲ್ಲಿಗೆ ಹೋಗುವುದೋ ಬೇಡವೋ ಎಂದು ತಿಳಿಯದೆ, ತೋಳಿನ ಹತ್ತಿಯನ್ನು ಕಸದ ಡಬ್ಬಿಗೆ ಹಾಕಿ, ಪುನಃ ತೆಗೆದು, ಅದಕ್ಕೆಂದೇ ಇಟ್ಟ ಹಳದಿ ಡಬ್ಬಿಗೆ ಹಾಕಿದೆ. ಊರವರು ದಣಿದಿರಲಿಲ್ಲ. ವೈರಸ್ಸಿನ ಚೂರುಪಾರು ಲಿವರಿನ ಮೂಲೆಯಲ್ಲಿ ಎಲ್ಲೋ ಉಳಿದೇ ಇರುತ್ತದಂತೆ. ಆದರೆ ಅದರ ಗುರುತು ಕಂಡ ಕೆಲವು ಟಿ ಕೋಶಗಳೂ ಕಾವಲಿಗೆ ಉಳಿಯುತ್ತವಂತೆ. ಖಚಿತಪಡಿಸಲು ಇನ್ನೊಂದು ಟ್ಯೂಬು ಆ ದಿನವೇ ಮಂಗಳೂರಿಗೆ ಹೋಯಿತು.

ಡಾಕ್ಟ್ರಿಗೆ ತೋರಿಸಲು ರಿಪೋರ್ಟು ಬೇಕಿತ್ತು. ಸಹೋದ್ಯೋಗಿ ಕಣ್ಣೊರೆಸಿಕೊಳ್ಳುತ್ತಾ, ನಗುತ್ತಾ, ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆದು ಕೊಟ್ಟಳು. ನಾನು ಅದನ್ನು ಮೇಲಿಂದ ಕೆಳಗೆ ಓದಿದೆ. ಕೆಳಗಿನಿಂದ ಮೇಲಕ್ಕೆ ಓದುವಾಗ ನಿಂತೆ.

“ಇದು ನಿನ್ನದಲ್ಲ,” ಎಂದೆ. “ಪ್ರಾಯ ಮೂವತ್ತೊಂಬತ್ತು ಅಂತ ಉಂಟು.”

“ಅಯ್ಯೋ ಮಾಷ್ಟ್ರೆ,” ಸಹೋದ್ಯೋಗಿ ಬಾಯಿಗೆ ಕೈ ಇಟ್ಟಳು. “ಕಣ್ಣಲ್ಲಿ ನೀರಿತ್ತು, ನಾಲ್ಕರ ಬದಲು ಮೂರು ಒತ್ತಿದೆ. ರಕ್ತ ಅಕ್ಕನದ್ದೇ, ಬೆಳಿಗ್ಗೆಯಿಂದ ಬೇರೆ ಯಾರಿಗೂ ಈ ಟೆಸ್ಟ್ ಮಾಡ್ಲಿಲ್ಲ. ಕೊಡಿ, ಈಗ ತಿದ್ದಿ ಕೊಡ್ತೇನೆ.”

ನನ್ನ ಹೆಂಡತಿ ಸ್ಟೂಲಿನಿಂದ ಎದ್ದು, ನನ್ನ ಕೈಯಿಂದ ಕಾಗದ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿ ಜಿಪ್ ಎಳೆದಳು.

“ತಿದ್ಲಿಕ್ಕೆಲ್ಲ ಇಲ್ಲ,” ಎಂದಳು. “ಹತ್ತು ವರ್ಷ ತಾನಾಗಿ ಸಿಕ್ಕಿದ್ದು. ಯಾರಾದ್ರೂ ವಾಪಸ್ ಕೊಡ್ತಾರಾ?”

“ಡಾಕ್ಟ್ರು ಕೇಳಿದ್ರೆ?”

“ನೀವು ಕ್ಯಾಲೆಂಡರ್ ನೋಡಿ.”

ಡಾಕ್ಟ್ರು ಕಾಗದ ನೋಡಿದರು, ಅವಳನ್ನು ನೋಡಿದರು, ಏನೂ ಕೇಳಲಿಲ್ಲ. ನಾಲ್ಕು ದಿನದ ಮೇಲೆ ಮಂಗಳೂರಿನ ರಿಪೋರ್ಟು ಬಂತು. ಅದರಲ್ಲೂ ವೈರಸ್ಸಿನ ಗುರುತು ಇರಲಿಲ್ಲ, ಪ್ರಾಯ ನಲವತ್ತೊಂಬತ್ತು ಎಂದು ಸರಿಯಾಗಿತ್ತು. ಅವಳು ಅದನ್ನು ಫೈಲಿನ ಅಡಿಯಲ್ಲಿ ಇಟ್ಟಿದ್ದಾಳೆ.